ಕಣದ ರಾಶಿ, ದೇವರ ಪಾಲು

ಕನಕಪುರ ರಸ್ತೆಯ ತಲಘಟ್ಟಪುರಕ್ಕೆ ಮೆಟ್ರೋ ರೈಲು ಬಂದುದು 2021ರ ಜನವರಿ 14ರಂದು, ಸಂಕ್ರಾಂತಿಯ ದಿನ. ಈ ಸೀಮೆಯ ಕೆಮ್ಮಣ್ಣಿನಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅದೇ ಸಂಜೆ ದನಕರುಗಳ ಮೈತೊಳೆದು, ಕೊಂಬಿಗೆ ಬಣ್ಣವಿಟ್ಟು, ಕಿಚ್ಚು ಹಾಯಿಸುತ್ತಿದ್ದರು. ಕಣ್ಮನಗಳನ್ನು ಸೆಳೆಯುವ ಆಚರಣೆ ಅದು. ಆದರೂ ಸುಗ್ಗಿಯ ಆರಾಧನೆಯ ತಿರುಳನ್ನು ಅರಸುವವರು ಕಣಕ್ಕೇ ಹೋಗಬೇಕು.

ಸಗಣಿಯಿಂದ ಸಾರಿಸಿದ ಆ ನೆಲಕ್ಕೆ ಕೆರ ಮೆಟ್ಟಿ ಕಾಲಿಡುವಂತಿರಲಿಲ್ಲ. ನಡುವೆ ಮೇಟಿ, ಅದರ ಸುತ್ತ ಎತ್ತುಗಳೆಳೆಯುವ ಗುಂಡು, ತೆನೆ ತುಳಿಸಿ, ಗಾಳಿ ನೋಡಿ ತೂರಿ, ಕಾಳನ್ನು ಒಟ್ಟಿದ ಮೇಲೆ ರಾಶಿಯ ಸುತ್ತ ಬೂದಿಯ ಗೆರೆಯೆಳೆದು, ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕನನ್ನಿಟ್ಟು ಕೈಮುಗಿಯುತ್ತಿದ್ದರು. ಅಳೆಯುವವನು ಮೊದಲ ಕೊಳಗವನ್ನು ಒಂದೆನ್ನದೆ ಲಾಭವೆಂದೇ ಎಣಿಸುತ್ತಿದ್ದನು.

1800ರಲ್ಲಿ ಈ ನಾಡನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಬೆಂಗಳೂರಿನ ಸುತ್ತಣ ರಾಶಿಯ ಹಂಚಿಕೆಯನ್ನು ಸೇರಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾನೆ. ಸರ್ಕಾರವೂ ಒಕ್ಕಲೂ ತಂತಮ್ಮ ಭಾಗವನ್ನು ಮುಟ್ಟುವುದಕ್ಕೆ ಮುನ್ನವೇ ದೇವರಿಗೆ 5 ಸೇರು, ಕ್ಷೌರಿಕನಿಗೆ 2, ಕುಂಬಾರನಿಗೆ 2, ಶಾನುಭೋಗನಿಗೆ 10. ಊರ ಗೌಡನಿಗೆ 8. ಗ್ರಾಮದ ಬಲಿಯ ವೆಚ್ಚವನ್ನು ಗೌಡನು ಈ ಎಂಟು ಸೇರಿನಿಂದಲೇ ಭರಿಸಬೇಕಾಗಿದ್ದಿತು. ನನಗೆ ಅತ್ಯಂತ ಅರ್ಥವತ್ತಾಗಿ ತೋರುವುದು ಈ ಕಟ್ಟಳೆ: ಊರಿನ ಹಿರಿತನಕ್ಕೆ ಸಂದ ಕಾಳು, ಊರಿನ ಫಲವತ್ತತೆಯ ಹೊಣೆಯನ್ನೂ ಹೊತ್ತುಕೊಂಡೇ ಅವನ ಮನೆಗೆ ಬರುತ್ತಿದ್ದಿತು.

ಈ ಹೊಣೆಯನ್ನು ದೂರದ ಉತ್ತರದ ವೈಕಿಂಗರೂ ಅರಿಯದವರಲ್ಲ. ಮಳೆಬಿಸಿಲುಗಳ ಒಡೆಯನಾದ ಫ್ರೇಯ್ರ್ ದೇವನಲ್ಲಿ ಅವರು ಸುಭಿಕ್ಷವನ್ನೂ ಶಾಂತಿಯನ್ನೂ ಬೇಡುತ್ತಿದ್ದರೆಂದು ಹೇಳುವ ಹದಿಮೂರನೆಯ ಶತಮಾನದ ಐಸ್ಲೆಂಡಿನ ಸ್ನೋರಿ ಸ್ಟುರ್ಲುಸನ್, ಸ್ವೀಡನ್ನಿನ ಡೋಮಾಲ್ಡಿಯೆಂಬ ಅರಸನ ಐತಿಹ್ಯವನ್ನೂ ಹೇಳುತ್ತಾನೆ. ಬರ ಬಿದ್ದ ಮೊದಲ ವರ್ಷ ಎತ್ತುಗಳನ್ನೂ, ಎರಡನೆಯ ವರ್ಷ ಮನುಷ್ಯರನ್ನೂ ಬಲಿಯಿತ್ತು, ಬೆಳೆ ಸುಧಾರಿಸದಿರಲು, ಮೂರನೆಯ ವರ್ಷ ಪ್ರಜೆಗಳು ಅರಸನನ್ನೇ ಬಲಿಕೊಟ್ಟರಂತೆ. ನಮ್ಮ ಗೌಡನ ಋಣ ಸೇರುಗಳಲ್ಲಿಯೇ ತೀರುತ್ತಿದ್ದುದು ಈ ನೆಲದ ಪುಣ್ಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸರ್ಕಾರ ತನ್ನ ಪಾಲನ್ನು ಕಾಳಿನಿಂದ ಹಣಕ್ಕೆ ಮಾರ್ಪಡಿಸಿ, 1863ರಿಂದ ಭೂಮಾಪನದ ಕಂದಾಯವನ್ನು ವಿಧಿಸತೊಡಗಿತು. ಅರಸೊತ್ತಿಗೆ ಕಣವನ್ನು ಬಿಟ್ಟುಹೋದ ಮೇಲೆಯೂ ಅಗಸ, ಕಮ್ಮಾರ, ತೋಟಿ, ನೀರಗಂಟಿಗಳು ತಮ್ಮ ಆಯಕ್ಕಾಗಿ ಮೊರ ಹಿಡಿದು ಅಲ್ಲಿಗೇ ಬರುತ್ತಿದ್ದರು.