ಮುಪ್ಪಿಗೂ ಒಂದು ಶಾಸ್ತ್ರ

ಹಿರಿಯರನ್ನು ನೋಡಿಕೊಳ್ಳುವುದನ್ನೂ ವಿಶ್ವವಿದ್ಯಾಲಯದಲ್ಲಿ ಕಲಿಸಬೇಕೆ ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ಮನೆತನದ ಸಂಸ್ಕಾರ ಸಾಲದೆ? ಸಾಲುತ್ತಿದ್ದ ಕಾಲವೊಂದಿತ್ತು. ಆಗ ಮನೆ ತುಂಬ ಜನರಿದ್ದರು. ಈಗ ಆಯುಸ್ಸು ಬೆಳೆದಿದೆ, ಮನೆ ಚಿಕ್ಕದಾಗಿದೆ. ಈ ಬದಲಾವಣೆಯನ್ನು ಮೊದಲು ಕಂಡ ನಾಡುಗಳಲ್ಲೇ ಈ ಶಾಸ್ತ್ರವೂ ಮೊದಲು ಹುಟ್ಟಿತು.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್ ಅವರು 1903ರಲ್ಲಿ 'ಜೆರೊಂಟಾಲಜಿ' ಎಂಬ ಹೆಸರನ್ನು ಬಳಕೆಗೆ ತಂದರು. ಹುಳಿಮೊಸರಿನಿಂದ ಆಯುಸ್ಸು ಹೆಚ್ಚುವುದೆಂದು ನಂಬಿದ್ದವರು ಅವರು. ನಮ್ಮ ಮೊಸರನ್ನಪ್ರಿಯರಿಗೆ ಇದು ಹಿತವಾದ ಮಾತೇ ಸರಿ! 1909ರಲ್ಲಿ ನ್ಯೂಯಾರ್ಕಿನ ವೈದ್ಯ ನಾಷರ್ ಅವರು, ಮಕ್ಕಳ ವೈದ್ಯದಂತೆ ವೃದ್ಧರ ವೈದ್ಯವೂ ಬೇರೆಯಾಗಿಯೇ ಬೆಳೆಯಬೇಕೆಂದು ವಾದಿಸಿ ಅದಕ್ಕೆ 'ಜೆರಿಯಾಟ್ರಿಕ್ಸ್' ಎಂದು ಹೆಸರಿಟ್ಟರು.

ಹೆಸರಿಗೆ ಜೀವ ತುಂಬಿದವರು ಇಂಗ್ಲೆಂಡಿನ ಡಾ. ಮಾರ್ಜರಿ ವಾರೆನ್. 1935ರಿಂದ, ಲಂಡನ್ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ, ಗುಣವಾಗದವರೆಂದು ಕೈಬಿಟ್ಟಿದ್ದ ವೃದ್ಧರನ್ನು ಅವರು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಎಬ್ಬಿಸಿದರು, ನಡೆಸಿದರು, ಹಲವರನ್ನು ಮನೆಗೇ ಕಳಿಸಿದರು. ಮುಪ್ಪು ಬೇರೆ, ರೋಗ ಬೇರೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಕನಿಕರವೊಂದೇ ಮಾಡಲಾರದ ಕೆಲಸವನ್ನು ತಿಳಿವಳಿಕೆ ಮಾಡಿತು.

ಅಮೆರಿಕದಲ್ಲಿ 1965ರ ವೃದ್ಧರ ಕಾಯಿದೆಯು ಸಂಶೋಧನೆಗೂ ತರಬೇತಿಗೂ ಸರ್ಕಾರದ ಹಣ ಒದಗಿಸಿತು. ಹತ್ತು ವರ್ಷಗಳ ನಂತರ, 1975ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೇ ಮೀಸಲಾದ ಮೊದಲ ಶಾಲೆ ತೆರೆಯಿತು. ಮನಶ್ಶಾಸ್ತ್ರಜ್ಞ ಜೇಮ್ಸ್ ಬಿರೆನ್ ಅದರ ಮೊದಲ ಮುಖ್ಯಸ್ಥರು. ಶರೀರಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸರ್ಕಾರದ ನೀತಿ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಬಂದವು. ವೃದ್ಧರೊಡನೆ ದುಡಿಯುವ ದಾದಿಗೆ ಮದ್ದಿನಷ್ಟೇ ಮರೆವಿನ ಅರಿವೂ ಬೇಕು. ಸಮಾಜಸೇವಕನಿಗೆ ಕಾಯಿದೆಯಷ್ಟೇ ಕೀಲುನೋವಿನ ಅರಿವೂ ಬೇಕು. ಸ್ನಾತಕೋತ್ತರ ವ್ಯಾಸಂಗದ ತಿರುಳು ಇದೇ. 1989ರಲ್ಲಿ ಅಲ್ಲಿ ಡಾಕ್ಟರೇಟ್ ವ್ಯಾಸಂಗವೂ ಆರಂಭವಾಯಿತು.

ನಮ್ಮ ದೇಶದಲ್ಲಿ ಈ ದಾರಿ ತೆರೆದದ್ದು ಮದರಾಸು. ಡಾ. ವಿ. ಎಸ್. ನಟರಾಜನ್ ಅವರು 1978ರಲ್ಲಿ ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ಆರಂಭಿಸಿದರು. 1996ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಪದವಿ ಶುರುವಾಯಿತು. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ, 2007ರಲ್ಲಿ ತಂದೆತಾಯಿಗಳ ಪೋಷಣೆಯ ಕಾಯಿದೆ ಬಂದವು. 2011ರ ಜನಗಣತಿಯಲ್ಲಿ ಅರುವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು.

ಹೊರನಾಡಿನಲ್ಲಿರುವ ನಮಗೆ ಈ ಸಂಗತಿ ದೂರದ್ದಲ್ಲ. ಊರಿನ ಜಗಲಿ ಬಿಟ್ಟು ಬಂದ ಹಿರಿಯರು ಇಲ್ಲಿ ನಾಲ್ಕನೆಯ ಮಹಡಿಯಲ್ಲಿ ಕೂತಿದ್ದಾರೆ. ನೆರೆಯವರ ಭಾಷೆ ಬಾರದು. ಅವರ ಮೌನ ವಯಸ್ಸಿನದೋ, ಕಾಯಿಲೆಯದೋ, ಒಂಟಿತನದ್ದೋ ಎಂದು ತಿಳಿಯಬಲ್ಲವರು ಬೇಕು, ಅದೂ ಕನ್ನಡದಲ್ಲಿ ಕೇಳಿ ತಿಳಿಯಬಲ್ಲವರು. ದಾದಿ ವೃತ್ತಿ, ಸಮಾಜಸೇವೆ, ವೈದ್ಯಕ್ಕೆ ಹೊರಟಿರುವ ನಮ್ಮ ಮಕ್ಕಳ ಕಣ್ಣು ಈ ವಿದ್ಯೆಯ ಮೇಲೂ ಬೀಳಲಿ. ಅವರು ಕಲಿತದ್ದು ನಾಳೆ ನಮಗೇ ಬೇಕಾದೀತು.