ಕಸೂತಿಯ ಎಣಿಕೆ

ಮನೆಯಲ್ಲಿ ಕಸೂತಿ ಹಾಕಿದ ಹಳೆಯ ಇಳಕಲ್ ಸೀರೆಯೇನಾದರೂ ಇದ್ದರೆ, ಅದರ ಸೆರಗನ್ನೊಮ್ಮೆ ಮಗುಚಿ ನೋಡಿರಿ. ಗೋಪುರವೋ ತೇರೋ ಮೇಲ್ಬದಿಯಲ್ಲಿ ಹೇಗಿದೆಯೋ ಕೆಳಬದಿಯಲ್ಲಿಯೂ ಹಾಗೆಯೇ ಕಾಣುವುದು. ಗಂಟಿಲ್ಲ, ಜೋಲುವ ದಾರದ ತುದಿಯಿಲ್ಲ.

ಈಗ ನಾವು ಬಟ್ಟೆಯ ಮೇಲಿನ ಎಲ್ಲ ಸೂಜಿಗೆಲಸವನ್ನೂ ಕಸೂತಿಯೆಂದೇ ಕರೆಯುತ್ತೇವೆ. ಧಾರವಾಡ, ಹುಬ್ಬಳ್ಳಿಗಳ ಕಡೆಯ ಹೆಂಗಸರಿಗಾದರೋ ಅದು ಒಂದು ಗೊತ್ತಾದ ಕಲೆಯ ಹೆಸರು. 'ಕೈ', 'ಸೂತಿ' ಎಂದು ಅದನ್ನು ಬಿಡಿಸುವುದುಂಟು, ಸೂತಿಯೆಂದರೆ ನೂಲು. ಇದರಲ್ಲಿ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗಿ, ಮೆಂತಿ. ನೇಯ್ಗಿಯು ಮಗ್ಗದಲ್ಲಿಯೇ ನೇಯ್ದಂತೆ ತೋರುತ್ತದೆ. ಮೆಂತಿಯಲ್ಲಿ ಎಳೆಯ ಮೇಲೆ ಎಳೆ ಅಡ್ಡ ಹಾಯುತ್ತದೆ. ಮೆಂತೆಯ ಕಾಳು ಚೆಲ್ಲಿದಂತೆ ಕಾಣುವುದರಿಂದ ಆ ಹೆಸರು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗವಂತಿಯ ಮೂಲ 'ಗಂಟು' ಎನ್ನುತ್ತಾರೆ. ಗಂಟನ್ನೇ ಹಾಕದ ಹೊಲಿಗೆಗೆ ಗಂಟಿನ ಹೆಸರು! ನನ್ನಂಥ ಪಂಡಿತನಿಗೆ ಇದು ಒಳ್ಳೆಯ ತಮಾಷೆ.

ಎರಡೂ ಬದಿ ಒಂದೇ ಆಗಿರುವುದು ಗವಂತಿ, ಮುರಗಿಗಳಲ್ಲಿ. ಗವಂತಿಯ ಗುಟ್ಟು ಇಷ್ಟೆ: ಸೂಜಿ ಹೋಗುವಾಗ ಒಂದು ಕುಪ್ಪಳಿಕೆ ಮೇಲೆ, ಒಂದು ಕೆಳಗೆ, ಬಿಟ್ಟ ಜಾಗವನ್ನೆಲ್ಲ ಮರಳಿ ಬರುವಾಗ ತುಂಬಬೇಕು. ಹೇಳಲು ಸುಲಭ. ಆದರೆ ಬಟ್ಟೆಯ ಮೇಲೆ ಗೆರೆ ಎಳೆದಿರುವುದಿಲ್ಲ, ಅಚ್ಚು ಒತ್ತಿರುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ ಸಾಗಬೇಕು. ಆನೆಯ ಸೊಂಡಿಲಿಗೆ ಹೊರಟ ದಾರ ಯಾವ ದಾರಿಯಿಂದ ಹಿಂದಿರುಗಬೇಕೆಂಬುದು ಹೊರಡುವ ಮೊದಲೇ ತಿಳಿದಿರಬೇಕು. ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ತಪ್ಪು, ಬಿಚ್ಚುವುದೊಂದೇ ಉಪಾಯ. ಅಕ್ಷರ ಕಲಿಯದ ಎಷ್ಟೋ ತಾಯಂದಿರು ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ತುಳಸಿಕಟ್ಟೆ, ತೊಟ್ಟಿಲು, ಗಿಣಿ, ಅಂಬಾರಿಗಳನ್ನು ಸೆರಗಿನಲ್ಲಿ ತುಂಬಿದರು.

ಯೂರೋಪಿನಲ್ಲಿಯೂ ಇದೇ ಬಗೆಯ ಹೊಲಿಗೆಯುಂಟು. ಅದಕ್ಕೆ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನ ಹೆಸರು. ಅವನೇನೂ ಸೂಜಿ ಹಿಡಿದವನಲ್ಲ. 1536ರ ಸುಮಾರಿಗೆ ಅವನು ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ, ತೋಳಿನ ಅಂಚಿನ ಕಪ್ಪು ದಾರದ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಬಟ್ಟೆ ಹರಿದುಹೋದರೂ ಹೊಲಿಗೆಯ ಮಾದರಿ ಚಿತ್ರದಲ್ಲಿ ಉಳಿಯಿತು. ನಮ್ಮ ಸೆರಗನ್ನು ಹಾಗೆ ಎಳೆಯೆಳೆಯಾಗಿ ಬರೆದಿಟ್ಟ ಆಸ್ಥಾನ ಚಿತ್ರಕಾರನೊಬ್ಬನಿದ್ದಿದ್ದರೆ! ನಮ್ಮಲ್ಲಿ ಸೀರೆಯೇ ಚಿತ್ರ, ಸೀರೆಯೇ ಪುಸ್ತಕ.

ಅಂಥ ಒಂದು ಪುಸ್ತಕವನ್ನು ನಾವೇ ಕಳೆದೆವು. ನಮ್ಮ ಅವ್ವನ ಮದುವೆಯ ಚಂದ್ರಕಾಳಿ ಸೀರೆ, ಆ ಕಪ್ಪು ಒಡಲಿನ ಮೇಲೆ ಕೆಂಪು, ಹಸಿರು, ಬಿಳಿ ದಾರದ ಆನೆಗಳ ಸಾಲು, ಮಡಿಕೆಯಲ್ಲಿ ಸೀಳಿತ್ತು. ಬಾಗಿಲಿಗೆ ಬಂದ ಪಾತ್ರೆಯವಳಿಗೆ ಅದನ್ನು ಕೊಟ್ಟು ಒಂದು ಸ್ಟೀಲ್ ಡಬ್ಬಿ ಕೊಂಡೆವು. ನಾನೂ ಅಲ್ಲಿಯೇ ನಿಂತಿದ್ದೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂಡುತ್ತದೆಯೇ ಎಂದು ನೋಡಿದವನೂ ನಾನೇ. ಅವ್ವ ತೀರಿಕೊಂಡ ಮೇಲೆ ಮಗಳು ಆ ಆನೆಯ ಎಣಿಕೆ ಕೇಳಿದಳು. ಹೇಳುವವರಿರಲಿಲ್ಲ.

2006ರಲ್ಲಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಒಳ್ಳೆಯದೇ, ಬೇರೆಡೆಯ ಕೆಲಸವನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಎಳೆ ಎಣಿಸಲಾಗದ ನುಣುಪು ಬಟ್ಟೆಗೂ ಈಗ ಉಪಾಯವಿದೆ: ಸಡಿಲ ನೇಯ್ಗೆಯ ತುಂಡೊಂದನ್ನು ಮೇಲಿಟ್ಟು ಹೊಲಿದು, ಮುಗಿದ ಬಳಿಕ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಆದರೆ ನಿಮ್ಮ ಟ್ರಂಕಿನ ಸೀರೆಯಲ್ಲಿರುವ ಎಣಿಕೆಯನ್ನು ಕಾಯುವವರು ನೀವೇ. ಸೀರೆ ಹರಿದಿದ್ದರೂ ಸೆರಗನ್ನು ಕೊಡಬೇಡಿರಿ. ಚೌಕುಳಿ ಗೆರೆಯ ಲೆಕ್ಕದ ನೋಟ್‌ಬುಕ್ಕು ಸಾಕು; ಒಂದು ಹೊಲಿಗೆಗೆ ಚೌಕದ ಒಂದು ಬದಿ. ಮನೆಯಲ್ಲಿ ಕಸೂತಿ ಬಲ್ಲ ಅಜ್ಜಿಯಿದ್ದರೆ, ದಾರ ಎಲ್ಲಿಂದ ಹೊರಟು ಹೇಗೆ ಮರಳುತ್ತದೆಂಬುದನ್ನು ಕೇಳಿ ಬಾಣದ ಗುರುತು ಹಾಕಿಕೊಳ್ಳಿರಿ.

ನನ್ನ ಮಗಳು ಈಗ ನೆರೆಮನೆಯ ಅಜ್ಜಿಯೊಬ್ಬರ ಸೆರಗನ್ನು ಹೀಗೆ ಇಳಿಸುತ್ತಿದ್ದಾಳೆ. ಆನೆ ಮುಗಿದು ಅಂಬಾರಿಗೆ ಬಂದಿದೆ.