ಇಕ್ಕೇರಿಯ ಕಾರ್ತಿಕ

ಸಾಗರದಿಂದ ಇಕ್ಕೇರಿಗೆ ಬಂದವರು ಅಘೋರೇಶ್ವರ ದೇವಸ್ಥಾನ ನೋಡುತ್ತಾರೆ, ಎದುರಿನ ನಂದಿಮಂಟಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ ನೆಲಗಲ್ಲಿನ ಮೇಲೆ ಅಡ್ಡಬಿದ್ದಿರುವ ಕೆಳದಿ ನಾಯಕರ ಚಿತ್ರ ಕಣ್ಣಿಗೆ ಬಿದ್ದರೆ ತುಳಿಯದೆ ಬಳಸಿ ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ‘ಅರಮನೆ ಎಲ್ಲಿ?’ ಎಂದು ಕೇಳುವವರೂ ಇದ್ದಾರೆ. ಅರಮನೆ ಮಣ್ಣು ಮತ್ತು ಮರದ್ದು, ಉಳಿಯಲಿಲ್ಲ. 1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರುವ ಹೊತ್ತಿಗೇ ಊರು ಬರಿದಾಗಿತ್ತು. ಹಿಂದೆ ಇಲ್ಲಿ ಲಕ್ಷ ಮನೆಗಳಿದ್ದವು ಎಂದು ಜನ ಹೇಳಿದ್ದನ್ನು ಆತ ನಂಬದೆಯೇ ಬರೆದುಕೊಂಡ. ನಾನೂ ನಂಬುವುದಿಲ್ಲ. ಲಕ್ಷ ಬಚ್ಚಲೊಲೆಗೆ ಸೌದೆ ಎಲ್ಲಿಂದ ತರುತ್ತಿದ್ದರು?

ರಾಜರ ಕಥೆ ಬೇಗ ಹೇಳಿ ಮುಗಿಸಬಹುದು. ಕೆಳದಿಯಿಂದ ಇಲ್ಲಿಗೆ ಬಂದ ರಾಜಧಾನಿ ಹದಿನೇಳನೆಯ ಶತಮಾನದ ಮೊದಲರ್ಧದಲ್ಲೇ ಬಿದನೂರಿಗೆ ಹೋಯಿತು. 1763ರಲ್ಲಿ ಬಿದನೂರೂ ಹೈದರಾಲಿಯ ಪಾಲಾಯಿತು. ಟಂಕಸಾಲೆ ಇಲ್ಲಿಂದ ಹೋದ ಮೇಲೂ ನಾಣ್ಯಕ್ಕೆ ಇಕ್ಕೇರಿ ವರಹವೆಂಬ ಹೆಸರು ಉಳಿದದ್ದೇ ಊರಿಗೆ ಸಿಕ್ಕ ಸಮಾಧಾನ.

ಆದರೆ ಈ ಊರಿನ ಚರಿತ್ರೆಯಲ್ಲಿ ನನಗೆ ರುಚಿಸುವ ಪುಟಗಳು ಯಾವ ಶಾಸನದಲ್ಲೂ ಇಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮನೆಯ ಕಡೆಗೆ ಬರೆದ ಕಾಗದಗಳಲ್ಲಿವೆ. ಮೆಣಸಿನ ವ್ಯಾಪಾರದ ವಿಚಾರಕ್ಕೆ ಪೋರ್ಚುಗೀಸರು ಇಲ್ಲಿಯ ದೊರೆ ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರಿಯ ಜೊತೆ ಈತ ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ 1623ರ ನವೆಂಬರಿನಲ್ಲಿ ಇಕ್ಕೇರಿಗೆ ಬಂದ. ಬಂದ ಹೊತ್ತು ನೋಡಿ. ಒಂದು ತಿಂಗಳು ಹಿಂದೆ ಬಂದಿದ್ದರೆ ಕೆಸರು, ಎರಡು ತಿಂಗಳು ತಡವಾಗಿದ್ದರೆ ಧೂಳು. ಮಳೆ ಬಿಟ್ಟು ಚಳಿ ಇನ್ನೂ ಹೊಸ್ತಿಲಲ್ಲಿರುವಾಗ ಮಲೆನಾಡಿನ ಮನೆ ಹೇಗಿರುತ್ತದೋ ಹಾಗೆ ಅವನಿಗೆ ಕಂಡಿತು.

ಅವನಿಗೆ ಬಹಳ ಹಿಡಿಸಿದ್ದು ಸಗಣಿ ಸಾರಿಸಿದ ನೆಲ. ಎಷ್ಟು ನುಣುಪು, ಎಷ್ಟು ಚೊಕ್ಕಟ ಎಂದು ಬೆರಗಾಗಿ, ಪ್ಲೇಗಿಗೂ ಒಳ್ಳೆಯದಂತೆ, ಇಟಲಿಯಲ್ಲೂ ಮಾಡಿಸಿ ನೋಡಬೇಕು ಎಂದು ಬರೆದಿದ್ದಾನೆ. ಮಳೆಗಾಲದಲ್ಲಿ ಬಂದಿದ್ದರೆ ಹೀಗೆ ಬರೆಯುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ಶ್ರಾವಣದಲ್ಲಿ ಅದೇ ನೆಲ ಥಂಡಿ ಹಿಡಿದು ಒಣಗುವುದೇ ಇಲ್ಲ. ದೀಪಾವಳಿಗೆ ಮುಂಚೆ ಎರಚಲಿಗೆ ಕಟ್ಟಿದ ಸೋಗೆ ತಟ್ಟಿ ಬಿಚ್ಚಿ, ಪಾಚಿಗಟ್ಟಿದ ಅಂಗಳ ಕೆತ್ತಿ, ಹೊಸದಾಗಿ ಸಾರಿಸಿದ ಮೇಲೇ ಅದಕ್ಕೆ ಆ ಹೊಳಪು.

ಸಂಜೆ ಬೀದಿಯಲ್ಲಿ ರೇಷ್ಮೆ ಉಟ್ಟು ಹೂ ಮುಡಿದ ಹುಡುಗಿಯರು ಬಣ್ಣದ ಕೋಲು ಹಿಡಿದು ಹಾಡುತ್ತ ಕುಣಿಯುವುದನ್ನೂ ಕಂಡ. ಮಹಾದೇವನ ಹೆಂಡತಿ ಗೌರಿಯ ಹಬ್ಬವೆಂದು ಅವನಿಗೆ ಯಾರೋ ಹೇಳಿದರು. ನವೆಂಬರು, ಗೌರಿ, ಕೋಲು: ಮೂರನ್ನೂ ಸೇರಿಸಿದರೆ ಕಾರ್ತಿಕದ ಗೌರಿಹುಣ್ಣಿಮೆಯೇ ಇರಬೇಕು. ಇಂದು ಅದನ್ನು ಸಕ್ಕರೆ ಆರತಿಯ ಸಮೇತ ನೋಡಬೇಕಾದರೆ ಧಾರವಾಡದ ಕಡೆಗೆ ಹೋಗಬೇಕು. ಹಾಗೆಂದು ಅಂದಿನ ಇಕ್ಕೇರಿ ಬರೀ ಹೂವು ಹಾಡಿನ ಊರಾಗಿರಲಿಲ್ಲ. ಅದೇ ದಿನಗಳಲ್ಲಿ, ಸತ್ತ ಗಂಡನ ಜೊತೆ ಬೆಂಕಿಗೆ ಬೀಳಲು ಹೊರಟ ಹೆಂಗಸೊಬ್ಬಳು ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಇದೇ ಬೀದಿಯಲ್ಲಿ ಹಾದುಹೋದಳು. ದೆಲ್ಲಾ ವಲ್ಲೆ ಅವಳ ಮನೆಗೇ ಹೋಗಿ ಬೇಡವೆಂದು ಹೇಳಿ ನೋಡಿದ. ಅವಳು ಕೇಳಲಿಲ್ಲ.

ಅವನಿಗೆ ಕಾಣದೆ ಹೋದದ್ದೂ ಇದೆ. ಆಶ್ವಯುಜದ ಹುಣ್ಣಿಮೆ, ನಮ್ಮ ಕಡೆಯ ಭೂಮಿ ಹುಣ್ಣಿಮೆ, ಅವನು ಬರುವ ಮೊದಲೇ ಬರುವಂಥದ್ದು. ದೀವರ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹೊಡೆ ತುಂಬಿದ ಗದ್ದೆ ಬಸುರಿ, ಅವಳಿಗೆ ಬಯಕೆ ಊಟ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಹತ್ತಾರು ಸೊಪ್ಪು ಕೂಡಿಸಿದ ಹಚ್ಚಂಬಲಿ ಬೇಯಿಸುತ್ತಾರೆ. ನಸುಕಿಗೆ ಮುಂಚೆ ಗಂಡಸರು ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಮುಂದಿನ ಅಮಾವಾಸ್ಯೆಗೆ ದೊಡ್ಡಹಬ್ಬ. ದನಗಳ ಕೊರಳಿಗೆ ಅಡಿಕೆ ಹಾರ, ರಾತ್ರಿ ದೀಪ ಆರದಂತೆ ಕಾಪಾಡಿಕೊಂಡು ಮನೆಯಿಂದ ಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರು. ನಾಯಿಗಳಿಗೆ ಮಾತ್ರ ಅವರನ್ನು ಕಂಡರೆ ಆಗುವುದಿಲ್ಲ.

ಹಬ್ಬ ಕಳೆದರೆ ಅಡಿಕೆಯ ಕೊನೆಕೊಯ್ಲು. ಅಲ್ಲಿಂದ ಸಂಕ್ರಾಂತಿಯವರೆಗೆ ಇಬ್ಬರು ಎದುರಾದರೆ ಕ್ಷೇಮಸಮಾಚಾರ ಆಮೇಲೆ, ಮೊದಲು ‘ಕೊನೆ ಆತಾ?’. ಕೊನೆಗೌಡ ಮರದಿಂದ ಮರಕ್ಕೆ ಬಾಗಿ ದಾಟುತ್ತ ಹಗ್ಗದಲ್ಲಿ ಗೊನೆ ಇಳಿಸುತ್ತಾನೆ. ಸಂಜೆ ಜಗುಲಿಯಲ್ಲಿ ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವುದು. ಮದುವೆ ಮಾತುಕತೆ, ಯಕ್ಷಗಾನದ ಯಾವ ಮೇಳಕ್ಕೆ ಯಾರು ಸೇರಿದರು, ಯಾರ ತೋಟಕ್ಕೆ ಕೊಳೆ ಬಂತು, ಎಲ್ಲದರ ತೀರ್ಮಾನ ಅಲ್ಲೇ. ಸುಲಿದದ್ದು ಹಂಡೆಗೆ. ಹಿಂದಿನ ಸಲ ಬೇಯಿಸಿ ಇಟ್ಟುಕೊಂಡ ಚೊಗರು ಬೆರೆಸಿದರೆ ಬಣ್ಣ ಏರುತ್ತದೆ. ಆಮೇಲೆ ಬಿಸಿಲು ಬೇಕು. ಬೆಳಗಿನ ಇಬ್ಬನಿ ಸೋಗೆ ಚಪ್ಪರದಿಂದ ಮಳೆಯಂತೆ ತೊಟ್ಟಿಕ್ಕುತ್ತದೆ, ಅದು ಆರುವ ತನಕ ಅಡಿಕೆ ಹರವುವ ಹಾಗಿಲ್ಲ. ಚೆನ್ನೈ ಕಡಲಲ್ಲಿ ವಾಯುಭಾರ ಕುಸಿತ ಎಂದು ವಾರ್ತೆಯಲ್ಲಿ ಹೇಳಿದರೆ ಇಲ್ಲಿಯ ಅಮ್ಮಂದಿರ ಮುಖ ಬಾಡುತ್ತದೆ. ಎರಡು ದಿನ ಮೋಡ ಕಟ್ಟಿದರೆ ಸಾಕು, ಬೆಂದ ಅಡಿಕೆಗೆ ಬೂಸ್ಟು.

ಕೆಳದಿಯ ದೊರೆ ಶಿವಪ್ಪ ನಾಯಕನ ಕಂದಾಯದ ಶಿಸ್ತು ಗದ್ದೆಯನ್ನು ದರ್ಜೆಯಲ್ಲಿ ಅಳೆಯಿತು, ಅಡಿಕೆ ತೋಟಕ್ಕೆ ಸಾವಿರ ಮರದ ಲೆಕ್ಕ ಹಿಡಿಯಿತು. ಸುಲಿದವರ ಬೆರಳಿನ ಕಪ್ಪಿಗೆ ಯಾವ ಶಿಸ್ತಿನಲ್ಲೂ ಕಲಮು ಇಲ್ಲ. ಚೊಗರಿನ ಆ ಕಲೆ ಶಿವರಾತ್ರಿ ತನಕ ಹೋಗುವುದಿಲ್ಲ.

ಈಗ ಸುಲಿಯುವ ಯಂತ್ರ ಬಂದಿದೆ. ಜಗುಲಿಯ ಮಾತು ಕಡಿಮೆಯಾಯಿತು ಎಂದು ಹಲುಬುವವರು ಹೆಚ್ಚಾಗಿ ರಾತ್ರಿ ಹನ್ನೊಂದರವರೆಗೆ ಕೂತು ಸುಲಿದವರಲ್ಲ. ಸಾರಿಸುವ ನೆಲವೂ ಟೈಲ್ಸ್ ಆಗಿದೆ, ಸೊಂಟ ಹಿಡಿಯುತ್ತಿದ್ದ ಹೆಂಗಸರಿಗೆ ಅದರ ಬಗ್ಗೆ ದುಃಖವೇನಿಲ್ಲ. ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಹುಡುಗರು ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಗೊನೆ ಕೊಯ್ಯುತ್ತಾರೆ. ಅವರಿಗೂ ಭಾರಿ ಬೇಡಿಕೆ. ದೀಪಾವಳಿಗೇ ಹೇಳಿಟ್ಟವರಿಗೆ ಮೊದಲ ಸರದಿ, ಉಳಿದವರು ದಿನಾ ಫೋನು ಮಾಡುತ್ತ ಕಾಯಬೇಕು.